ಡಬ್ಬದ ಹಿಂಭಾಗ ಓದೋಣ: ಸಿಂಥೆಟಿಕ್ ಎಂಜಿನ್ ಆಯಿಲ್ ಆರಿಸುವ ಬಗೆ

(ಶಿವಮೊಗ್ಗದಲ್ಲಿ ಕಾರು ಮಾಲೀಕರು ಮತ್ತು ಟ್ಯಾಕ್ಸಿ ಚಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ಹೊರಗೆ ಕಾಫಿ ಕುಡಿಯುತ್ತ ನಿಂತಿದ್ದಾಗ ನಾಲ್ಕು ಜನ ಬಂದು ಒಂದೇ ಪ್ರಶ್ನೆ ಕೇಳಿದರು. ‘ಸಾರ್, ಯಾವ ಕಂಪನಿ ಆಯಿಲ್ ಹಾಕಿಸಲಿ? ಮೊಬಿಲ್ಲಾ, ಶೆಲ್ಲಾ, ಕ್ಯಾಸ್ಟ್ರಾಲಾ?’ ಗ್ಯಾರೇಜಿನಲ್ಲೂ ದಿನಕ್ಕೊಮ್ಮೆಯಾದರೂ ಈ ಪ್ರಶ್ನೆ ಬರುತ್ತದೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಂಪನಿ ಹೆಸರು ಕಟ್ಟಕಡೆಗೆ ಕೇಳಬೇಕಾದದ್ದು. ನಿಮ್ಮ ಎಂಜಿನ್ನಿಗೆ ಯಾವ ಗ್ರೇಡು, ಯಾವ ಸ್ಟ್ಯಾಂಡರ್ಡು, ಕೈಗೆ ಬಂದ ಮಾಲು ಅಸಲಿಯೋ ನಕಲಿಯೋ ಎಂಬುದು ತೀರ್ಮಾನವಾದ ಮೇಲೆ ಹೆಸರಿನ ಮಾತು. ಅಷ್ಟು ತೀರ್ಮಾನ ಆಗುವ ಹೊತ್ತಿಗೆ ಹೆಸರಿನ ಬಗ್ಗೆ ತಲೆಬಿಸಿಯೇ ಉಳಿದಿರುವುದಿಲ್ಲ.

ನಮ್ಮಲ್ಲಿ ಹಳ್ಳಿಯಿಂದ ಬಂದವರಿಗೆ ಕೀಲೆಣ್ಣೆ ನೆನಪಿರಬೇಕು. ಎತ್ತಿನಗಾಡಿಯ ಅಚ್ಚಿಗೆ ಹಚ್ಚಲು ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ, ಒಂದು ಗೊಟ್ಟದಲ್ಲಿ ತುಂಬಿ ಗಾಡಿಗೆ ನೇತುಹಾಕುತ್ತಿದ್ದರು. ಬರೀ ಹರಳೆಣ್ಣೆ ಹಚ್ಚಿದರೆ ಸುರಿದುಹೋಗುತ್ತದೆ, ಕರಿ ಸೇರಿದರೆ ಕಚ್ಚಿಕೊಂಡು ನಿಲ್ಲುತ್ತದೆ. ಇವತ್ತು ಸಾವಿರಾರು ರೂಪಾಯಿ ಕೊಟ್ಟು ತರುವ ಸಿಂಥೆಟಿಕ್ ಆಯಿಲ್ ಕೂಡ ಬುಡದಲ್ಲಿ ಅದೇ ಲೆಕ್ಕ. ಒಂದು ಮೂಲ ಎಣ್ಣೆ, ಅದರ ಮೇಲೆ ಬೆರಕೆ ಔಷಧಿಗಳು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೇ ಹರಳೆಣ್ಣೆಯಿಂದ. ಇಂಗ್ಲಿಷಿನಲ್ಲಿ ಹರಳೆಣ್ಣೆಗೆ ಕ್ಯಾಸ್ಟರ್ ಆಯಿಲ್ ಅನ್ನುತ್ತಾರಲ್ಲ, ಅದು. 1899ರಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಎಂಬವರು ಇಂಗ್ಲೆಂಡಿನಲ್ಲಿ ಶುರುಮಾಡಿದ ಕಂಪನಿ ಮುಂದೆ ಮೋಟಾರು, ವಿಮಾನಗಳ ಎಣ್ಣೆಗೆ ಹರಳೆಣ್ಣೆ ಬೆರೆಸಿತು, ಆ ಹೆಸರೇ ನಿಂತಿತು.

ಈ ಮೂಲ ಎಣ್ಣೆಯನ್ನು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ನಾವು ಎಪಿಐ ಅಂತೀವಲ್ಲ, ಅದು ಐದು ಗುಂಪು ಮಾಡಿದೆ. ಒಂದನೆಯ ಗುಂಪು, ಎರಡನೆಯ ಗುಂಪು ಎಂದರೆ ಕಚ್ಚಾತೈಲದಿಂದ ಸೋಸಿ ತೆಗೆದ ಮಿನರಲ್ ಎಣ್ಣೆ. ಮೂರನೆಯದೂ ಕಚ್ಚಾತೈಲದಿಂದಲೇ ಬರುತ್ತದೆ. ಆದರೆ ಭಾರಿ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ, ಅಣುಗಳನ್ನು ಒಡೆದು ಮತ್ತೆ ಕಟ್ಟಿರುತ್ತಾರೆ. ನಾಲ್ಕನೆಯ ಗುಂಪು ಪಿಎಒ, ಕಾರ್ಖಾನೆಯಲ್ಲಿ ಅಣು ಅಣು ಜೋಡಿಸಿ ಮಾಡಿದ್ದು. ಈ ನಾಲ್ಕಕ್ಕೂ ಸೇರದ ಎಸ್ಟರ್ ಮುಂತಾದವು ಐದನೆಯ ಗುಂಪು.

ಹಾಗಾದರೆ ಸಿಂಥೆಟಿಕ್ ಯಾವುದು? ಇದರ ಮೇಲೆ ಅಮೆರಿಕದಲ್ಲಿ ದೊಡ್ಡ ಜಗಳವೇ ಆಗಿದೆ. 1990ರ ದಶಕದ ಕೊನೆಯಲ್ಲಿ ಕ್ಯಾಸ್ಟ್ರಾಲ್ ತನ್ನ ಸಿಂಟೆಕ್ ಆಯಿಲಿನಲ್ಲಿ ಪಿಎಒ ಬಿಟ್ಟು ಮೂರನೆಯ ಗುಂಪಿನ ಎಣ್ಣೆ ಬಳಸಿತು, ಡಬ್ಬದ ಮೇಲೆ ಸಿಂಥೆಟಿಕ್ ಎಂಬ ಮಾತು ಹಾಗೇ ಇತ್ತು. ಇದು ಸರಿಯಲ್ಲ ಎಂದು ಮೊಬಿಲ್ ಕಂಪನಿಯವರು ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿಗೆ ದೂರು ಕೊಟ್ಟರು. 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಪರ ಬಂತು. ಅಲ್ಲಿಂದೀಚೆಗೆ ಹೆಚ್ಚಿನ ದೇಶಗಳಲ್ಲಿ ಮೂರನೆಯ ಗುಂಪಿನ ಎಣ್ಣೆಗೂ ಸಿಂಥೆಟಿಕ್ ಎಂದೇ ಹೆಸರು. ಜರ್ಮನಿಯವರು ಮಾತ್ರ ಈ ಎರಡನ್ನೂ ಬೇರೆ ಬೇರೆ ಮಾತಲ್ಲಿ ಹೇಳುತ್ತಾರೆ. ಲಿಕ್ವಿ ಮೋಲಿ ಡಬ್ಬ ಸಿಕ್ಕಾಗ ನೋಡಿ. ಕೆಲವದರ ಮೇಲೆ ‘ಫುಲ್ಲಿ ಸಿಂಥೆಟಿಕ್’ ಎಂದಿರುತ್ತದೆ, ಕೆಲವದರ ಮೇಲೆ ‘ಸಿಂಥೆಟಿಕ್ ಟೆಕ್ನಾಲಜಿ’ ಎಂದು. ಒಂದೇ ಕಂಪನಿ, ಎರಡು ಮಾತು, ಒಳಗಿನ ಎಣ್ಣೆಯೂ ಬೇರೆ. ಶೆಲ್ ಕಂಪನಿಯ ದಾರಿ ಇನ್ನೊಂದು ಬಗೆ. ಕತಾರ್‌ನ ಪರ್ಲ್ ಕಾರ್ಖಾನೆಯಲ್ಲಿ ನೈಸರ್ಗಿಕ ಅನಿಲವನ್ನೇ ಎಣ್ಣೆಯಾಗಿ ಮಾರ್ಪಡಿಸಿ, ಅದರಿಂದ ಹೆಲಿಕ್ಸ್ ಅಲ್ಟ್ರಾ ತಯಾರಿಸುತ್ತಾರೆ.

ಮೂರನೆಯ ಗುಂಪಿನದು ಕಳಪೆ ಎಂದು ಇದನ್ನೆಲ್ಲ ಹೇಳುತ್ತಿಲ್ಲ. ಬಿಸಿಯಾದಾಗ ಎಣ್ಣೆ ಎಷ್ಟು ತೆಳ್ಳಗಾಗುತ್ತದೆ ಎಂದು ಅಳೆಯುವ ಒಂದು ಸೂಚ್ಯಂಕ 1929ರಿಂದ ಬಳಕೆಯಲ್ಲಿದೆ. ಆ ಕಾಲಕ್ಕೆ ಎಲ್ಲಕ್ಕಿಂತ ಚೆನ್ನಾಗಿದ್ದ ಪೆನ್ಸಿಲ್ವೇನಿಯಾದ ಎಣ್ಣೆಗೆ ನೂರು ಅಂಕ ಕೊಟ್ಟಿದ್ದರು, ಗಲ್ಫ್ ಕರಾವಳಿಯ ಎಣ್ಣೆಗೆ ಸೊನ್ನೆ. ಇವತ್ತಿನ ಮೂರನೆಯ ಗುಂಪಿಗೆ ಸೇರಬೇಕಾದರೆ ಕನಿಷ್ಠ 120 ಇರಬೇಕು. ನಮ್ಮಲ್ಲಿ ಓಡುವ ಬಹುಪಾಲು ಕಾರುಗಳಿಗೆ ಅದು ಧಾರಾಳವಾಗಿ ಸಾಕು. ಪಿಎಒ ಎಣ್ಣೆಯ ಹೆಚ್ಚುಗಾರಿಕೆ ಕಾಣುವುದು ಹಿಮ ಬೀಳುವ ಕಡೆ ಮತ್ತು ಎಣ್ಣೆ ವಿಪರೀತ ಕಾಯುವ ಎಂಜಿನ್ನುಗಳಲ್ಲಿ.

ಈಗ ಗ್ರೇಡು. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಏಕೆಂದರೆ ಹೆಚ್ಚು ತಪ್ಪು ಆಗುವುದು ಇಲ್ಲೇ.

‘0ಡಬ್ಲ್ಯೂ-20 ಅಂದ್ರೆ ನೀರು ಸಾರ್, ಎಂಜಿನ್ ಉಳಿಯುತ್ತಾ?’ ಅಂತ ಕೇಳುತ್ತಾರೆ. ಅಂಬಾಸಿಡರ್, ಪದ್ಮಿನಿ ಓಡಿಸಿದ ಹಿರಿಯರು ಇಲ್ಲಿದ್ದಾರೆ. ಅವರು 20ಡಬ್ಲ್ಯೂ-40, 20ಡಬ್ಲ್ಯೂ-50 ಹಾಕಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸಿದ್ದಾರೆ, ಆ ಎಂಜಿನ್ನಿಗೆ ಅದು ಸರಿಯಾಗಿಯೇ ಇತ್ತು. ಬೇರಿಂಗ್ ಸಂದು ಹೆಚ್ಚು, ಮಿನರಲ್ ಎಣ್ಣೆ ಬಿಸಿಗೆ ಬೇಗ ತೆಳ್ಳಗಾಗುತ್ತಿತ್ತು, ದಪ್ಪದಿಂದಲೇ ಶುರುಮಾಡಬೇಕಿತ್ತು. ‘ದಪ್ಪ ಆಯಿಲ್ ಎಂಜಿನ್ನಿಗೆ ಒಳ್ಳೆಯದು’ ಎಂಬ ಮಾತು ಆ ಕಾಲದ ಅನುಭವದಿಂದ ಬಂದದ್ದು. ಆಮೇಲೆ ಎಂಜಿನ್ನೇ ಬದಲಾಗಿದೆ.

ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಮೊದಲ ಅಂಕಿ ಎಣ್ಣೆ ತಣ್ಣಗಿರುವಾಗಿನ ಲೆಕ್ಕ, ಕಡಿಮೆ ಇದ್ದಷ್ಟೂ ಸಲೀಸಾಗಿ ಹರಿಯುತ್ತದೆ. ಎರಡನೆಯದು ಕಾದಾಗಿನ ದಪ್ಪ. ನಮ್ಮ ಊರಲ್ಲಿ ಚಳಿ ಎಲ್ಲಿದೆ ಎಂದು ನೀವು ಕೇಳಬಹುದು. ಎಂಜಿನ್ನಿಗೆ ಚಳಿ ಅಂದರೆ ಏನು ನೋಡಿ. ಎಣ್ಣೆಯ ದಪ್ಪವನ್ನು ಪ್ರಯೋಗಶಾಲೆಯಲ್ಲಿ ಎರಡು ಬಿಸಿಯಲ್ಲಿ ಅಳೆಯುತ್ತಾರೆ, 40 ಡಿಗ್ರಿಯಲ್ಲಿ ಒಮ್ಮೆ, 100 ಡಿಗ್ರಿಯಲ್ಲಿ ಒಮ್ಮೆ. 40 ಡಿಗ್ರಿ ಅಂದರೆ ರಾಯಚೂರಿನ ಮೇ ತಿಂಗಳ ಮಧ್ಯಾಹ್ನ. ಆ ಬಿಸಿಲಲ್ಲಿ ನಿಂತ ಗಾಡಿಯೊಳಗೆ 20ಡಬ್ಲ್ಯೂ-50 ಎಣ್ಣೆಯ ದಪ್ಪ ಸುಮಾರು 160 ಸೆಂಟಿಸ್ಟೋಕ್ಸ್, ಅದು ಎಣ್ಣೆಯ ದಪ್ಪ ಅಳೆಯುವ ಮಾನ. ಅದೇ ಎಣ್ಣೆ 100 ಡಿಗ್ರಿಗೆ ಕಾದಾಗ 18ರ ಆಸುಪಾಸು. 5ಡಬ್ಲ್ಯೂ-30 ತಗೊಂಡರೆ 40 ಡಿಗ್ರಿಯಲ್ಲಿ 65ರ ಆಸುಪಾಸು, 100 ಡಿಗ್ರಿಯಲ್ಲಿ 11. ರಾಯಚೂರಿನ ಬಿಸಿಲಲ್ಲೇ ಹೀಗಾದರೆ, ಡಿಸೆಂಬರಿನಲ್ಲಿ ತೀರ್ಥಹಳ್ಳಿಯ ಬೆಳಗಿನ ಆರು ಗಂಟೆಗೆ ಹೇಗಿರಬೇಕು ಯೋಚಿಸಿ. ಎಂಜಿನ್ನಿಗೆ ಬೇಕಾದದ್ದು ಏಳೆಂಟರಿಂದ ಹನ್ನೆರಡರ ದಪ್ಪ. ನೀವು ಕೀಲಿ ತಿರುಗಿಸಿದ ಕ್ಷಣದಲ್ಲಿ ಅಲ್ಲಿರುವುದು ಅದರ ಹತ್ತಾರು ಪಟ್ಟು ದಪ್ಪದ ಪಾಕ. ಆಯಿಲ್ ಚೇಂಬರಿನಿಂದ ಆ ಪಾಕವನ್ನು ಹೀರಿ ಮೇಲೆ ಕ್ಯಾಮ್‌ಶಾಫ್ಟಿನವರೆಗೆ ತಲುಪಿಸಬೇಕು. ತಲುಪುವವರೆಗಿನ ಆ ಕೆಲವು ಸೆಕೆಂಡುಗಳಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ. ಹಾಗಾಗಿ ನಮ್ಮಂಥ ಬೆಚ್ಚನೆಯ ಊರಲ್ಲೂ ಮೊದಲ ಅಂಕಿಗೆ ಬೆಲೆ ಇದೆ.

ಜೊತೆಗೆ ಈಗಿನ ಎಂಜಿನ್ನಿನಲ್ಲಿ ಎಣ್ಣೆಗೆ ಜಾರಿಸುವ ಕೆಲಸ ಒಂದೇ ಅಲ್ಲ. ವಾಲ್ವ್ ಟೈಮಿಂಗ್ ಬದಲಿಸುವುದೂ ಅದರ ಒತ್ತಡದಿಂದಲೇ. ಅದರ ದಾರಿಗಳು ತೀರ ಸಣ್ಣವು. ಹಾಗಂತ ಗಾಡಿಯ ಜೊತೆ ಬಂದ ಬುಕ್ಕಿನಲ್ಲಿ ಹೇಳಿದ್ದಕ್ಕಿಂತ ತೆಳು ಹಾಕುವುದೂ ತಪ್ಪು. ಬೇರಿಂಗಿನ ಸಂದಿಯಲ್ಲಿ, 150 ಡಿಗ್ರಿ ಬಿಸಿಯಲ್ಲಿ ನಜ್ಜುಗುಜ್ಜಾಗುವಾಗ ಎಷ್ಟು ದಪ್ಪ ಉಳಿಯಬೇಕು ಎಂಬುದಕ್ಕೂ ಅಳತೆ ಇದೆ, ಅದರ ಮಾನ ಸೆಂಟಿಸ್ಟೋಕ್ಸ್ ಅಲ್ಲ, ಬೇರೆ. 20ರ ಗ್ರೇಡಿಗೆ ಕನಿಷ್ಠ 2.6, 30ಕ್ಕೆ 2.9, 5ಡಬ್ಲ್ಯೂ-40ಕ್ಕೆ 3.5. 3.5 ಬೇಡುವ ಎಂಜಿನ್ನಿಗೆ 2.6ರದ್ದು ಹಾಕಿ ಘಾಟಿ ಹತ್ತಿಸಿದರೆ ಬೇರಿಂಗ್ ತಡೆಯುವುದಿಲ್ಲ. ಹೊಸ ಮಾರುತಿ ಪೆಟ್ರೋಲ್ ಗಾಡಿಗಳಲ್ಲಿ ಕೆಲವಕ್ಕೆ 0ಡಬ್ಲ್ಯೂ-16 ಹೇಳಿದ್ದಾರೆ. ಅದನ್ನು ಅದಕ್ಕೇ ಹಾಕಿ, ಪಕ್ಕದ ಮನೆಯ ಹಳೆಯ ಡೀಸೆಲ್ಲಿಗೆ ಬೇಡ. ಬುಕ್ಕಿನಲ್ಲಿ ಎರಡು ಮೂರು ಗ್ರೇಡು ಕೊಟ್ಟಿದ್ದರೆ, ಲಗೇಜು ತುಂಬಿಕೊಂಡು ದಿನಾ ಆಗುಂಬೆ, ಹುಲಿಕಲ್ ಹತ್ತಿ ಇಳಿಯುವ ಟ್ಯಾಕ್ಸಿಯವರು ಅದರಲ್ಲೇ ದಪ್ಪದ್ದನ್ನು ಆರಿಸಲಿ. ಆಫೀಸಿಗೆ ಹೋಗಿಬರುವವರಿಗೆ ತೆಳ್ಳನೆಯದು ಸಾಕು.

ಇನ್ನು ಸ್ಟ್ಯಾಂಡರ್ಡ್. ಪೆಟ್ರೋಲ್ ಗಾಡಿಗೆ ಎಪಿಐ ಕೊಡುವ ಎರಡಕ್ಷರ ನೋಡಬೇಕು. ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು, ಈಚೆಗೆ 2025ರಲ್ಲಿ ಎಸ್‌ಕ್ಯೂ ಬಂದಿದೆ. ಟರ್ಬೊ ಪೆಟ್ರೋಲ್ ಇರುವವರು ಎಸ್‌ಪಿಗಿಂತ ಕೆಳಗಿನದನ್ನು ಮುಟ್ಟಬೇಡಿ. ಕಾರಣ ಹೇಳುತ್ತೇನೆ. ಒಂದು ಲೀಟರಿನ ಸಣ್ಣ ಎಂಜಿನ್, ಸಿಲಿಂಡರಿಗೇ ನೇರ ಪೆಟ್ರೋಲ್ ಸಿಂಪಡಣೆ, ಮೇಲೊಂದು ಟರ್ಬೊ. ನೀವು ಏರು ರಸ್ತೆಯಲ್ಲಿ ಗೇರ್ ಇಳಿಸದೆ, ಸಾವಿರದ ಐನೂರು ಸುತ್ತಿನಲ್ಲೇ ಆಕ್ಸಿಲರೇಟರ್ ತುಳಿಯುತ್ತೀರಿ. ಪಿಸ್ಟನ್ ರಿಂಗಿನ ಸಂದಿಯಲ್ಲಿ ಪೆಟ್ರೋಲಿನ ಜೊತೆ ಬೆರೆತ ಒಂದು ತೊಟ್ಟು ಎಣ್ಣೆ ಮೇಲಕ್ಕೆ ಚಿಮ್ಮಿ, ಪ್ಲಗ್ಗಿನ ಕಿಡಿಗಿಂತ ಮುಂಚೆಯೇ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಮೇಲೇರುತ್ತಿರುವಾಗಲೇ ಸುತ್ತಿಗೆಯಲ್ಲಿ ಹೊಡೆದ ಹಾಗೆ ಪೆಟ್ಟು. ಪಿಸ್ಟನ್ ಒಡೆದದ್ದೂ ಉಂಟು. ಎಣ್ಣೆಯಲ್ಲಿ ಕೊಳೆ ತೆಗೆಯಲು ಹಾಕುವ ಕ್ಯಾಲ್ಸಿಯಂ ಇದಕ್ಕೆ ಇಂಬು ಕೊಡುತ್ತದೆ ಎಂದು ತಿಳಿದ ಮೇಲೆ ಅದರ ಪಾಲು ಕಡಿಮೆ ಮಾಡಿ ಮೆಗ್ನೀಸಿಯಂ ಸೇರಿಸತೊಡಗಿದರು. ಎಸ್‌ಪಿ ಮುದ್ರೆ ಬೀಳಬೇಕಾದರೆ ಈ ಪರೀಕ್ಷೆ ಪಾಸಾಗಿರಬೇಕು.

ಡೀಸೆಲ್ ಕಾರಿನವರದು ಬೇರೆ ಸಂಕಟ. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಮ ಬಂತು, ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಜಾಲರಿ ಬಂತು. ಮಸಿಯನ್ನು ಗಾಡಿಯೇ ಆಗಾಗ ಸುಟ್ಟುಕೊಳ್ಳುತ್ತದೆ. ಆದರೆ ಎಣ್ಣೆಯಲ್ಲಿರುವ ಸತು, ಕ್ಯಾಲ್ಸಿಯಂ ಸುಟ್ಟು ಉಳಿಯುವ ಬೂದಿ ಮತ್ತೆ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಅದಕ್ಕೇ ಯುರೋಪಿನ ಕಾರು ತಯಾರಕರ ಎಸಿಇಎ ಸಂಸ್ಥೆ ಸಿ2, ಸಿ3 ಎಂದು ಬೇರೆ ವರ್ಗ ಮಾಡಿ ಬೂದಿಯನ್ನು ನೂರಕ್ಕೆ 0.8ರ ಒಳಗೆ ಹಿಡಿದಿಟ್ಟಿದೆ. ಹಳೆಯ ಎ3/ಬಿ4 ವರ್ಗದಲ್ಲಿ ಅದು 1.6ರವರೆಗೂ ಇರಬಹುದು. ಹೋದ ವರ್ಷ ನನ್ನ ಹತ್ತಿರ ಒಂದು ಬಿಎಸ್6 ಡೀಸೆಲ್ ಬಂತು. ಡಿಪಿಎಫ್ ಲೈಟು ವಾರಕ್ಕೊಮ್ಮೆ ಹತ್ತುತ್ತಿತ್ತು. ಮಾಲೀಕರು ಜಾಗ್ರತೆಯವರು, ಮೂರು ಸಲದ ಆಯಿಲ್ ಬಿಲ್ಲೂ ಫೈಲಿನಲ್ಲಿತ್ತು. ಮೂರೂ ಸಲ ಹಾಕಿದ್ದು ಒಳ್ಳೆಯ ಕಂಪನಿಯದೇ, ದುಬಾರಿ ಫುಲ್ಲಿ ಸಿಂಥೆಟಿಕ್ಕೇ, ಮೂರೂ ಸಲ ಎ3/ಬಿ4. ಊರೊಳಗಿನ ಸಣ್ಣ ಓಡಾಟವೂ ಸೇರಿತ್ತು, ಎಲ್ಲ ಪಾಪವನ್ನೂ ಎಣ್ಣೆಯ ತಲೆಗೆ ಕಟ್ಟಲಾರೆ. ಆದರೂ ಆ ಮನುಷ್ಯ ಗಾಡಿಗೆ ಒಳ್ಳೆಯದಾಗಲಿ ಎಂದೇ ಹೆಚ್ಚು ದುಡ್ಡು ಕೊಟ್ಟಿದ್ದರು. ಅದು ನೋಡಿ ನನಗೆ ಹೊಟ್ಟೆ ಉರಿಯಿತು. ಸಿ3 ಎಂಬ ಎರಡಕ್ಷರ ನೋಡಲು ಯಾರೂ ಅವರಿಗೆ ಹೇಳಿರಲಿಲ್ಲ.

ಡಬ್ಬದ ಹಿಂಭಾಗ ಓದುವಾಗ ಇನ್ನೊಂದು ಸೂಕ್ಷ್ಮ. ‘ಅಪ್ರೂವ್ಡ್’ ಎಂದಿದ್ದರೆ ಆ ಕಾರು ಕಂಪನಿ ಪರೀಕ್ಷೆ ನೋಡಿ ಒಪ್ಪಿದೆ ಎಂದರ್ಥ. ‘ಮೀಟ್ಸ್’, ‘ಸೂಟಬಲ್ ಫಾರ್’ ಎಂದಿದ್ದರೆ ಎಣ್ಣೆ ಮಾಡಿದವರು ತಾವಾಗಿ ಹೇಳಿಕೊಳ್ಳುತ್ತಿದ್ದಾರೆ, ಅಷ್ಟೆ. ಅವರ ಮಾತು ನಿಜವೂ ಇರಬಹುದು. ಆದರೆ ಫೋಕ್ಸ್‌ವ್ಯಾಗನ್, ಬೆಂಜ್, ಬಿಎಂಡಬ್ಲ್ಯೂ ಥರದ ಗಾಡಿ ಇಟ್ಟುಕೊಂಡವರು ಅಪ್ರೂವ್ಡ್ ಎಂಬ ಮಾತನ್ನೇ ಹುಡುಕಿ. ಎಪಿಐ ಲೈಸೆನ್ಸ್ ಇರುವ ಎಣ್ಣೆಯ ಮೇಲೆ ಒಂದು ದುಂಡನೆಯ ಮುದ್ರೆ ಇರುತ್ತದೆ, ನಮ್ಮ ಉದ್ದಿನ ವಡೆಯ ಆಕಾರ. ಅದರ ನಡುವೆ ಗ್ರೇಡು, ಮೇಲ್ಭಾಗದಲ್ಲಿ ಎರಡಕ್ಷರ. ಲೈಸೆನ್ಸ್ ಪಡೆದವರ ಪಟ್ಟಿ ಎಪಿಐ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಈಗ ಹೆಸರಿನ ಮಾತಿಗೆ ಬರುತ್ತೇನೆ. ‘ನಾನು ಶೆಲ್ ಹಾಕಿಸ್ತೀನಿ’ ಎಂದರೆ ನನಗೆ ಏನೂ ತಿಳಿದ ಹಾಗಲ್ಲ. ಮಿನರಲ್ ಎಣ್ಣೆಯ ಹೆಲಿಕ್ಸ್ ಎಚ್‌ಎಕ್ಸ್3 ಕೂಡ ಶೆಲ್ಲೇ, ಹೆಲಿಕ್ಸ್ ಅಲ್ಟ್ರಾ ಕೂಡ ಶೆಲ್ಲೇ. ಮೊಬಿಲ್ ಸೂಪರ್ 1000 ಮಿನರಲ್, 2000 ಅರೆ ಸಿಂಥೆಟಿಕ್, 3000 ಸಿಂಥೆಟಿಕ್, ಅದರ ಮೇಲೆ 1974ರಿಂದ ಬರುತ್ತಿರುವ ಮೊಬಿಲ್ 1. ಒಂದೇ ಕಂಪನಿಯ ಕೆಳಗಿನ ಮೆಟ್ಟಿಲಿಗೂ ಮೇಲಿನ ಮೆಟ್ಟಿಲಿಗೂ ಇರುವ ಅಂತರ, ಎರಡು ಕಂಪನಿಗಳ ಮೇಲಿನ ಮೆಟ್ಟಿಲುಗಳ ನಡುವೆ ಇಲ್ಲ. ಬೆರಕೆ ಔಷಧಿಗಳನ್ನೂ ಹೆಚ್ಚಿನವರು ತಾವೇ ಮಾಡುವುದಿಲ್ಲ. ಲುಬ್ರಿಝಾಲ್, ಇನ್ಫಿನಿಯಂ, ಆಫ್ಟನ್, ಒರೊನೈಟ್ ಎಂಬ ನಾಲ್ಕು ದೊಡ್ಡ ಸಂಸ್ಥೆಗಳೇ ಜಗತ್ತಿನ ಬಹುಪಾಲು ಆಯಿಲ್ ಕಂಪನಿಗಳಿಗೆ ಅದನ್ನು ಒದಗಿಸುವುದು.

ಹಾಗಾಗಿ ನನ್ನ ಲೆಕ್ಕ ಹೀಗೆ. ಟರ್ಬೊ ಇಲ್ಲದ ಸಾಧಾರಣ ಪೆಟ್ರೋಲ್ ಗಾಡಿಗೆ ಬುಕ್ಕಿನ ಗ್ರೇಡು, ಎಸ್‌ಪಿ ಮುದ್ರೆ ಇದ್ದರೆ ಇಂಡಿಯನ್ ಆಯಿಲ್‌ನ ಸರ್ವೋ, ಭಾರತ್ ಪೆಟ್ರೋಲಿಯಂನ ಮ್ಯಾಕ್, ಎಚ್‌ಪಿ, ಗಲ್ಫ್, ವೀಡಾಲ್, ಯಾವುದಾದರೂ ನಾನು ಧೈರ್ಯವಾಗಿ ಹಾಕುತ್ತೇನೆ. ನನ್ನ ಸ್ವಂತ ಗಾಡಿಗೂ ಅಷ್ಟೆ. ಟರ್ಬೊ ಗಾಡಿಗೆ, ಅದರಲ್ಲೂ ಘಾಟಿ ಓಡಾಟದವರಿಗೆ, ಮೇಲಿನ ಮೆಟ್ಟಿಲಿನದಕ್ಕೆ ಹೆಚ್ಚು ಕೊಡಿ ಎನ್ನುತ್ತೇನೆ. ಟರ್ಬೊದ ಬೇರಿಂಗಿನಲ್ಲಿ ಕಡಿಮೆ ದರ್ಜೆಯ ಎಣ್ಣೆ ಸುಟ್ಟು ಕರಕಲಾಗಿ ಕಟ್ಟಿಕೊಳ್ಳುತ್ತದೆ. ಎಷ್ಟೇ ಒಳ್ಳೆಯ ಆಯಿಲ್ ಇದ್ದರೂ ಘಾಟಿ ಹತ್ತಿ ನಿಲ್ಲಿಸಿದ ಕೂಡಲೇ ಆಫ್ ಮಾಡಬೇಡಿ, ಒಂದು ನಿಮಿಷ ಹಾಗೇ ಬಿಡಿ.

ಇಷ್ಟೆಲ್ಲ ಹೇಳಿದ್ದೂ ಅಸಲಿ ಮಾಲಿನ ಬಗ್ಗೆ. ನಾಲ್ಕು ವರ್ಷದ ಹಿಂದೆ ಒಬ್ಬ ಚಾಲಕರು ಸಂತೆಯ ದಿನ ರಸ್ತೆಬದಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಿಕೊಂಡಿದ್ದರು. ಮೂರು ಸಾವಿರ ಕಿಲೋಮೀಟರಿಗೆ ಟ್ಯಾಪೆಟ್ ಸದ್ದು. ನಾನು ಟ್ಯಾಪೆಟ್ ಕವರ್ ಬಿಚ್ಚಿದೆ. ಒಳಗೆಲ್ಲ ಕಾಡಿಗೆ ಬಳಿದ ಹಾಗಿತ್ತು. ಉಗುರಲ್ಲಿ ಕೆರೆದರೆ ಉಂಡೆಯಾಗಿ ಬರುತ್ತಿತ್ತು. ಪುಣ್ಯಕ್ಕೆ ಖಾಲಿ ಡಬ್ಬ ಡಿಕ್ಕಿಯಲ್ಲೇ ಇತ್ತು. ಮುಚ್ಚಳದ ಕೆಳಗಿನ ಬಳೆ ಒಂದು ಕಡೆ ಅಂಟು ಹಾಕಿ ಕೂರಿಸಿದ್ದು, ಬಾಯಿಯ ಹಾಳೆ ಓರೆಯಾಗಿ ಅಂಟಿದ್ದು ಕಾಣುತ್ತಿತ್ತು. ಬ್ಯಾಚ್ ನಂಬರನ್ನು ಹೆಬ್ಬೆರಳಲ್ಲಿ ಉಜ್ಜಿದೆ, ಇಂಕು ಬೆರಳಿಗೇ ಬಂತು. ಡಬ್ಬ ಅಸಲಿ, ಒಳಗಿನ ಎಣ್ಣೆ ಎಲ್ಲಿಯದೋ. ಅಂಥ ಡಬ್ಬಗಳು ಹುಟ್ಟುವುದು ಗುಜರಿಗೆ ಹೋದ ಖಾಲಿ ಡಬ್ಬಗಳಿಂದ. ಅಂದಿನಿಂದ ನನ್ನ ಗ್ಯಾರೇಜಿನಲ್ಲಿ ಆಯಿಲ್ ಹೊಯ್ದ ಕೂಡಲೇ, ಗಿರಾಕಿಯ ಎದುರೇ, ಡಬ್ಬಕ್ಕೆ ಸ್ಕ್ರೂಡ್ರೈವರಿನಲ್ಲಿ ಎರಡು ತೂತು ಹೊಡೆಯುತ್ತೇವೆ. ನೀವು ಎಲ್ಲಿ ಹಾಕಿಸಿದರೂ ಇದನ್ನು ಕೇಳಿ. ಸೀಲು ನಿಮ್ಮೆದುರೇ ಒಡೆಯಲಿ. ಪೆಟ್ರೋಲ್ ಬಂಕಿನಲ್ಲೋ, ಕಂಪನಿಯ ಅಧಿಕೃತ ಡೀಲರ್ ಹತ್ತಿರವೋ ಬಿಲ್ಲು ಸಮೇತ ತಗೊಳ್ಳಿ, ವಾರಂಟಿ ಮುಗಿಯುವವರೆಗೆ ಆ ಬಿಲ್ಲು ಜೋಪಾನ.

ಬದಲಿಸುವ ಅವಧಿ ಬುಕ್ಕಿನಲ್ಲಿ ಇದ್ದೇ ಇದೆ. ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ ಎಂದಿದ್ದರೆ, ಯಾವುದು ಮೊದಲೋ ಅದು. ವರ್ಷಕ್ಕೆ ಮೂರೇ ಸಾವಿರ ಓಡಿಸುವವರು ‘ಇನ್ನೂ ಏಳು ಸಾವಿರ ಉಳಿದಿದೆ’ ಎನ್ನುತ್ತಾರೆ. ಮನೆಯಿಂದ ತರಕಾರಿ ಮಾರ್ಕೆಟ್ಟಿಗೆ ಹೋಗಿಬರುವ ಗಾಡಿಯಲ್ಲಿ ಎಣ್ಣೆ ಪೂರ್ತಿ ಕಾಯುವುದೇ ಇಲ್ಲ, ನೀರಾವಿ, ಪೆಟ್ರೋಲ್ ಅದರಲ್ಲೇ ಉಳಿಯುತ್ತವೆ. ಅಂಥ ಗಾಡಿಗೆ ವರ್ಷದ ಲೆಕ್ಕವೇ ಮುಖ್ಯ.

ಪ್ರಶ್ನೆಗಳು ಬರಲಿ.

‘ಹಾಕಿದ ಎರಡೇ ದಿನಕ್ಕೆ ಆಯಿಲ್ ಕಪ್ಪಾಯಿತು, ಡೂಪ್ಲಿಕೇಟಾ?’ ಡೀಸೆಲ್ ಆಗಿದ್ದರೆ ಅದು ಸಹಜ, ಒಳಗಿನ ಮಸಿಯನ್ನು ಎಣ್ಣೆ ಎತ್ತಿಕೊಳ್ಳುತ್ತಿದೆ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ.

‘ದಾರಿಯಲ್ಲಿ ಲೆವೆಲ್ ಇಳಿದರೆ ಬೇರೆ ಕಂಪನಿಯದು ಬೆರೆಸಬಹುದಾ?’ ಬೆರೆಸಿ. ಒಂದಕ್ಕೊಂದು ಹೊಂದಿಕೊಳ್ಳಬೇಕೆಂಬುದೂ ಪರೀಕ್ಷೆಯ ಭಾಗವೇ. ಎಣ್ಣೆ ಕಡಿಮೆ ಇಟ್ಟು ಓಡಿಸುವುದಕ್ಕಿಂತ ಬೇರೆ ಹೆಸರಿನ ಅರ್ಧ ಲೀಟರ್ ಎಷ್ಟೋ ಮೇಲು. ಗ್ರೇಡು ಒಂದೇ ಇರಲಿ.

ಹಿಂದಿನ ಸಾಲಿನ ಹಿರಿಯರು ಕೇಳುತ್ತಿದ್ದಾರೆ: ‘ನನ್ನ ಗಾಡಿ 1,80,000 ಓಡಿದೆ, ಸಾವಿರ ಕಿಲೋಮೀಟರಿಗೆ ಕಾಲು ಲೀಟರ್ ಆಯಿಲ್ ತಿನ್ನುತ್ತೆ. ದಪ್ಪದ್ದು ಹಾಕಿಬಿಡಲಾ?’ ಯಜಮಾನರೇ, ಮೊದಲು ಅದು ಎಲ್ಲಿ ಹೋಗುತ್ತಿದೆ ನೋಡೋಣ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಂತುಹೋದರೆ ವಾಲ್ವ್ ಸೀಲು. ಆಕ್ಸಿಲರೇಟರ್ ಕೊಟ್ಟಾಗೆಲ್ಲ ಬಂದರೆ ರಿಂಗು. ಹೊಗೆಯೇ ಇಲ್ಲದಿದ್ದರೆ ಎಲ್ಲೋ ಸೋರುತ್ತಿರಬೇಕು, ಡ್ರೇನ್ ಬೋಲ್ಟಿನ ವಾಷರ್ ಹಳೆಯದಾಗಿದ್ದರೂ ಸಾಕು. ಕಾರಣ ತಿಳಿಯುವವರೆಗೆ ಬುಕ್ಕು ಒಪ್ಪಿದರೆ ಒಂದು ಮೆಟ್ಟಿಲು ದಪ್ಪ ಹಾಕಿಸಿ, ವಾರಕ್ಕೊಮ್ಮೆ ಡಿಪ್ ಸ್ಟಿಕ್ ನೋಡುತ್ತಿರಿ. ಗಾಡಿ ಹೊರಗೇ ಇದೆಯಲ್ಲ? ಸಭೆ ಮುಗಿದ ಕೂಡಲೇ ಬರುತ್ತೇನೆ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ತೋರಿಸಿ.